ಕರಡಿ ಚಿತ್ರದ ಬಾಟಲಿ

ಹಳದಿ ಫಲಕ, ನೆಲ ಒರೆಸುವವನು ತಂದು ಆಸ್ಪತ್ರೆಯ ಕಾರಿಡಾರಿನ ನಟ್ಟನಡುವೆ ನಿಲ್ಲಿಸಿ ಹೋದ, ಒದ್ದೆ ನೆಲ ಎಚ್ಚರಿಕೆ ಎಂದು ಅರಬಿಯಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ, ಎರಡೂ ಓದಲು ಬಾರದವರಿಗೆ ಕಾಲು ಜಾರಿ ಬೀಳುವ ಮನುಷ್ಯನ ಚಿತ್ರ, ಎಷ್ಟು ಮರ್ಯಾದಸ್ಥ ಊರು ಇದು, ಎರಡು ಹನಿ ನೀರಿಗೂ ಒಂದು ಎಚ್ಚರಿಕೆ ಇಟ್ಟು ಹೋಗುತ್ತಾರೆ — ಹಳದಿ, ಮೂರು ದಿನದಿಂದ ಎಲ್ಲವೂ ಹಳದಿ, ಎದುರಿನ ಬೆಂಚಿನ ಫಿಲಿಪಿನೋ ಹೆಂಗಸು ತಿನ್ನುವ ಚಿಪ್ಸಿನ ಪೊಟ್ಟಣ, ನರ್ಸಿನ ಕೊರಳ ಪಟ್ಟಿ, ಮೊನ್ನೆ ಬೆಳಿಗ್ಗೆ ಮಗಳು ಫಾಹಿಮಾಳ ಕಣ್ಣು ನೋಡಿ ಪರದೆಯ ಬಣ್ಣ ಬಿದ್ದದ್ದು ಅಂದುಕೊಂಡೆನಲ್ಲ, ಅಲ್ ಅಜೀಜಿಯಾದ ನಮ್ಮ ಮನೆಯ ಪರದೆ ಹಳದಿ, ಬೆಳಗಿನ ಬಿಸಿಲು ಅದರೊಳಗಿಂದ ಬಂದರೆ ತಟ್ಟೆಯ ಅಕ್ಕಿ ಪತ್ತಿರಿಯೂ ಹಳದಿ ಕಾಣುತ್ತದೆ, ಎದ್ದು ಹೋಗಿ ಪರದೆ ಸರಿಸಿದೆ, ಬಿಸಿಲು ಬೆಳ್ಳಗಾಯಿತು, ಕಣ್ಣು ಹಾಗೆಯೇ ಇತ್ತು. ಸಕೀನಾ ಇಲ್ಲಿ ಬಾ ಎಂದೆ, ಅವಳು ಕೈಯ ಹಿಟ್ಟು ಒರೆಸಿಕೊಳ್ಳದೆಯೇ ಬಂದಳು, ಮಗಳು ನಮ್ಮಿಬ್ಬರನ್ನೂ ನೋಡಿ ಉಪ್ಪ, ವೈ ಆರ್ ಯು ಸ್ಟೇರಿಂಗ್, ನಂಗೆ ಬಸ್ ಹೋಗ್ತದೆ ಅಂದಳು, ಎಂಟು ವರ್ಷ, ಅವಳಿಗೆ ಬಸ್ಸಿನ ಚಿಂತೆ, ಆಮೇಲೆ ತಾನೇ ಸೋಫಾದ ಮೇಲೆ ಮಲಗಿದಳು, ಮೈ ಟಮ್ಮಿ ಈಸ್ ಟಯರ್ಡ್ ಅಂದಳು, ಹೊಟ್ಟೆ ನೋಯುತ್ತದೆ ಅನ್ನಲಿಲ್ಲ, ಹೊಟ್ಟೆಗೆ ಸುಸ್ತಾಗಿದೆ ಅಂದಳು.

ಈಗ ಅವಳು ಈ ಬಾಗಿಲಿನ ಆಚೆ, ಕೈಗೆ ಸೂಜಿ, ಪಕ್ಕದಲ್ಲಿ ಸಕೀನಾ, ನಾನು ಈಚೆ, ಅಂಗಿಯ ಜೇಬಿನಲ್ಲಿ ಬಾಟಲಿ, ಮಕ್ಕಳ ವಿಟಮಿನ್ ಬಾಟಲಿ, ಮೇಲೆ ಹಳದಿ ಕರಡಿ, ಹೆಬ್ಬೆರಳು ಎತ್ತಿ ನಗುವ ಕರಡಿ, ಒಳಗೆ ವಿಟಮಿನ್ ಇಲ್ಲ, ಅದು ನನಗೆ ಗೊತ್ತು, ಸಕೀನಾಗೆ ಗೊತ್ತು, ಅಲ್ಲಾಹನಿಗೆ ಗೊತ್ತು, ಡಾಕ್ಟರಮ್ಮನಿಗೆ ಮಾತ್ರ ಗೊತ್ತಿಲ್ಲ. ಆಕೆ ಮಲಯಾಳಿ, ಕಣ್ಣೂರಿನ ಕಡೆಯವಳಿರಬೇಕು, ಆಕೆಯ ಮಾತು ನಮ್ಮ ಬ್ಯಾರಿಗೆ ಎಷ್ಟು ಹತ್ತಿರವೆಂದರೆ ಸುಳ್ಳು ಹೇಳುವಾಗ ಸ್ವಂತ ಚಿಕ್ಕಮ್ಮನಿಗೆ ಹೇಳಿದ ಹಾಗಾಗುತ್ತದೆ, ಮೊದಲ ದಿನ ಕೇಳಿದಳು, ಮಗುವಿಗೆ ಏನಾದರೂ ಮದ್ದು ಕೊಡುತ್ತಿದ್ದೀರಾ, ಸಕೀನಾ ನನ್ನ ಮುಖ ನೋಡಿದಳು, ನಾನು ವಿಟಮಿನ್ ಮಾತ್ರ ಅಂದೆ. ನಿನ್ನೆ ಮತ್ತೆ ಕೇಳಿದಳು, ವೈರಸ್ ಎಲ್ಲ ನೋಡಿಯಾಯಿತು, ಯಾವುದೂ ಇಲ್ಲ, ಆದರೂ ಲಿವರ್ ದಿನದಿಂದ ದಿನಕ್ಕೆ ಸೋಲುತ್ತಿದೆ, ಏನೋ ಒಳಗೆ ಹೋಗಿದೆ, ಊರಿನ ಕಷಾಯ, ಬೇರು, ಭಸ್ಮ, ಏನಾದರೂ, ನಿಮ್ಮವರು ತರುತ್ತಾರೆ, ನಮ್ಮವರೂ ತರುತ್ತಾರೆ, ನಾನು ಪೊಲೀಸ್ ಅಲ್ಲ — ಆ ಒಂದು ಪದ, ಪೊಲೀಸ್, ಅದು ಬಾರದೇ ಇದ್ದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ, ಇಲ್ಲ, ಹೇಳುತ್ತಿರಲಿಲ್ಲ, ಸುಮ್ಮನೆ ಆಕೆಯ ಮೇಲೆ ಯಾಕೆ ಹಾಕಬೇಕು, ವಿಟಮಿನ್ ಅಂದೆ, ಎರಡನೆಯ ಸಲ ಸುಳ್ಳು ಎಷ್ಟು ಸಲೀಸಾಗಿ ಬಂತು, ಪಾಠ ಆದ ಸಾಲಿನ ಹಾಗೆ. ಇವತ್ತು ಬೆಳಿಗ್ಗೆ ಸಕೀನಾ ಬಟ್ಟೆಯ ಚೀಲ ತರಲು ಮನೆಗೆ ಹೋದವಳು ಬಂದು ಬಾಟಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು, ತಗೊಳ್ಳಿ ನಿಮ್ಮ ವಿಟಮಿನ್, ನಿಮಗೂ ಶಕ್ತಿ ಬೇಕಲ್ಲ, ಮೂರು ದಿನದಿಂದ ಒಂದು ಬಾಯಿ ತೆರೀಲಿಕ್ಕೆ ಆಗ್ತಾ ಇಲ್ಲ ನಿಮಗೆ. ಅಷ್ಟೇ. ಒಳಗೆ ಹೋದಳು. ಹನ್ನೊಂದು ಗಂಟೆಗೆ ಡಾಕ್ಟರಮ್ಮ ನನ್ನನ್ನು ಒಬ್ಬನನ್ನೇ ಕರೆಯುತ್ತಾಳಂತೆ, ಈಗ ಹತ್ತೂ ಇಪ್ಪತ್ತು.

ಕಾಗದ ಮಾಫಿ, ಡಬ್ಬ ಮಾಫಿ — ಈ ಊರಿನ ಹಮದ್ ಬಂದರಿನಲ್ಲಿ ನನ್ನ ಮಾತು ಅದು, ಹನ್ನೆರಡು ವರ್ಷದಿಂದ ಒಂದೇ ಮಾತು, ಕಾಗದ ಇಲ್ಲದಿದ್ದರೆ ಡಬ್ಬ ಇಲ್ಲ, ಕಂಟೇನರ್ ಗೇಟು ದಾಟುವುದಿಲ್ಲ, ಪಾಕಿಸ್ತಾನಿ ಡ್ರೈವರುಗಳು ನನಗೆ ಮಾಫಿ ಲತೀಫ್ ಎಂದೇ ಹೆಸರಿಟ್ಟಿದ್ದಾರೆ, ಅಪಾಯದ ಸರಕಿನ ಕಾಗದ ನೋಡುವುದು ನನ್ನ ಕೆಲಸ, ಬಣ್ಣ, ಆಸಿಡ್, ಗ್ಯಾಸು, ಎಲ್ಲದಕ್ಕೂ ನಾಲ್ಕಂಕಿಯ ಒಂದು ನಂಬರು, ಒಂದು ವಜ್ರಾಕಾರದ ಚೀಟಿ, ಬಾಯಿಪಾಠ, ಪೆಟ್ರೋಲು ಹನ್ನೆರಡು ಸೊನ್ನೆ ಮೂರು, ಬಣ್ಣ ಹನ್ನೆರಡು ಅರವತ್ತಮೂರು, ಕಳೆದ ಬೇಸಿಗೆಯಲ್ಲಿ ಒಬ್ಬ ಡ್ರೈವರು ಬಿಸಿಲಿನಲ್ಲಿ ನಿಂತು ಕೈಮುಗಿದ, ಭಾಯಿಜಾನ್, ಚೀಟಿಯ ಒಂದು ಮೂಲೆ ಮಾತ್ರ ಹರಿದದ್ದು, ಒಳಗಿನ ಸಾಮಾನು ಅದೇ ಅಲ್ಲವಾ, ಬಿಡಿ, ನಾನು ಬಿಡಲಿಲ್ಲ, ಒಳಗೆ ಏನಿದೆ ಎಂದು ಹೊರಗೆ ಬರೆದಿರದಿದ್ದರೆ ನಾಳೆ ಬೆಂಕಿ ಹತ್ತಿದಾಗ ನೀರು ಹಾಕಬೇಕೋ ಮಣ್ಣು ಹಾಕಬೇಕೋ ಯಾರಿಗೆ ಗೊತ್ತಾಗಬೇಕು ಎಂದು ಅವನಿಗೆ ಭಾಷಣ ಮಾಡಿದೆ, ಆರು ಗಂಟೆ ನಿಲ್ಲಿಸಿದೆ. ಲ್ಯಾನ್ಸ್‌ಲಾಟ್ ಪಕ್ಕದ ಮೇಜಿನಿಂದ ನಕ್ಕಿದ್ದ, ಲತೀಫ್ ಬಾಯ್, ನೀವು ಸತ್ತ ಮೇಲೆ ನಿಮ್ಮ ಆ ದೇವದೂತರು ಮುನ್ಕರ್ ನಕೀರ್ ಪ್ರಶ್ನೆ ಕೇಳ್ಲಿಕ್ಕೆ ಬಂದ್ರೆ ಅವರ ಗೇಟ್ ಪಾಸನ್ನೇ ಮೊದಲು ಕೇಳ್ತೀರಿ ನೋಡಿ. ಅದೇ ಲ್ಯಾನ್ಸ್‌ಲಾಟ್, ಅಲ್ ಮುಂತಜಾದಲ್ಲಿ ಎರಡು ಕೋಣೆ, ಮೂರು ಮಕ್ಕಳು, ಬಜಪೆಯ ಅಮ್ಮ, ಅಕ್ಟೋಬರಿನಲ್ಲಿ ಊರಿಗೆ ಹೊರಟವನ ಹತ್ತಿರ ನಾನು ತಲೆ ತಗ್ಗಿಸಿ ಕೇಳಿದೆ, ಮಗಳಿಗೆ ಒಂದು ಗುಳಿಗೆ ಉಂಟು, ಇಲ್ಲಿ ಸಿಗುವುದಿಲ್ಲ, ತರ್ಲಿಕ್ಕೆ ಸರಕಾರದ ಕಾಗದ ಕೇಳ್ತಾರೆ, ಅವನು ನಗಲಿಲ್ಲ, ನಗಬಹುದಿತ್ತು, ಇಡೀ ಬಂದರಿಗೆ ಕೇಳುವ ಹಾಗೆ ನಗಬಹುದಿತ್ತು, ಎಂತ ಬಾಯ್ ಇದಕ್ಕೆಲ್ಲ ಟೆನ್ಶನ್, ಪಟ್ಟಿಯಿಂದ ಬಿಡಿಸಿ ಮಕ್ಕಳ ವಿಟಮಿನ್ ಬಾಟ್ಲಿಗೆ ಹಾಕ್ಲಿಕ್ಕೆ ಹೇಳಿ, ಚಿಲ್ಟಾರಿಗಳ ಬಾಟ್ಲಿ ಯಾರೂ ತೆರೆದು ನೋಡೂದಿಲ್ಲ, ಮಾಫಿ ಮುಶ್ಕಿಲ್. ನಾನು ಆ ದಿನವೇ ಊರಿನಲ್ಲಿರುವ ಅಕ್ಕನಿಗೆ ಧ್ವನಿ ಸಂದೇಶ ಕಳಿಸಿದೆ, ಡಬ್ಬ ಬೇಡ, ಪಟ್ಟಿ ಬೇಡ, ಒಳಗಿನ ಚೀಟಿ ಬೇಡ, ಡಾಕ್ಟರು ಬರೆದ ಕಾಗದವನ್ನೂ ಹರಿದು ಬಿಸಾಡು, ಫೋಟೋ ಗೀಟೋ ತೆಗೆಯಬೇಡ. ಮಾಫಿ ಲತೀಫನ ಸ್ವಂತ ಬಾಯಿ. ನೂರಾ ಇಪ್ಪತ್ತು ಗುಳಿಗೆ ಅಕ್ಕ ಒಂದೊಂದೇ ಬಿಡಿಸಿದಳಂತೆ, ಉಗುರು ನೋಯುತ್ತದೆ ಮಾರಾಯ ಅಂದಳು. ಲ್ಯಾನ್ಸ್‌ಲಾಟ್ ತನ್ನ ಪೆಟ್ಟಿಗೆಯಲ್ಲಿ ಬಂಗುಡೆಯ ಉಪ್ಪಿನಕಾಯಿಯ ಪಕ್ಕ ಇಟ್ಟುಕೊಂಡು ತಂದ, ಕೊಡುವಾಗ ಬಾಟಲಿಯ ಕರಡಿಯನ್ನು ತೋರಿಸಿ ನೋಡಿ, ನಿಮ್ಮ ಕ್ಲಿಯರಿಂಗ್ ಏಜೆಂಟ್, ಹೆಬ್ಬೆರಳು ಎತ್ತಿ ಪಾಸ್ ಮಾಡಿದ್ದಾನೆ ಅಂದ. ಈಗ ನಾನು ಬಾಯಿ ತೆರೆದರೆ ಯಾರು ತಂದರು ಎಂದು ಕೇಳುತ್ತಾರೆ, ಅವನ ಕೆಲಸ, ಅವನ ಮಕ್ಕಳು, ನನ್ನ ಕೆಲಸ, ಖಲಾಸ್, ಎಲ್ಲ ಖಲಾಸ್, ಅದಕ್ಕೇ ನಾನು ಸುಮ್ಮನಿರುವುದು, ಸ್ನೇಹಿತನಿಗಾಗಿ, ಎಷ್ಟು ಚಂದದ ಕಾರಣ, ಎರಡು ದಿನ ಅದನ್ನೇ ಹೊದ್ದು ಮಲಗಿದೆನಲ್ಲ.

ಅವಳು ಕೂರುತ್ತಿರಲಿಲ್ಲ, ಅದೊಂದೇ ತಪ್ಪು ಆ ಮಗುವಿನದು, ಊಟಕ್ಕೆ ಕೂರುತ್ತಿರಲಿಲ್ಲ, ಮಾತು ಮಾತಿನ ಮೇಲೆ ಹತ್ತಿ ಬೀಳುತ್ತಿತ್ತು, ಸೋಫಾದ ಬೆನ್ನಿನ ಮೇಲೆ ನಡೆಯುತ್ತಿದ್ದಳು, ನೀರಿನ ಲೋಟ ಹಿಡಿದುಕೊಂಡೇ ಮೂರು ಕೋಣೆ ಸುತ್ತುತ್ತಿದ್ದಳು, ಹಿಮ್ಮಡಿಯಲ್ಲಿ ದೀಪ ಮಿನುಗುವ ಶೂ ಬೇಕೆಂದು ಹಟ ಹಿಡಿದು ತೆಗೆಸಿಕೊಂಡಿದ್ದಳು, ಕತ್ತಲಾದ ಮೇಲೆ ಆ ಕೆಂಪು ಚುಕ್ಕಿಗಳು ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ಹಾರುವುದನ್ನು ನೋಡಿಯೇ ಅವಳೆಲ್ಲಿದ್ದಾಳೆಂದು ತಿಳಿಯಬೇಕಿತ್ತು. ಕುರಾನ್ ಕಲಿಸುವ ಓತುಪಳ್ಳಿಯ ಉಸ್ತಾದರು ಒಂದು ಸಂಜೆ ಅವಳನ್ನು ಕೈಹಿಡಿದು ತಂದು ಬಿಟ್ಟರು, ಲತೀಫ್‌ಚ್ಚಾ, ಎಲ್ಲ ಮಕ್ಕಳೂ ಕಿತಾಬಿನ ಮುಂದೆ ಕೂತರೆ ನಿಮ್ಮದು ಕಿಟಕಿಯ ಮೇಲೆ ಕೂತಿದೆ, ಇದು ಹಕ್ಕಿಯಾ ಮಗುವಾ, ನೀವೇ ಹೇಳಿ. ಶಾಲೆಯವರು ನಗಲಿಲ್ಲ, ಡಾಕ್ಟರಲ್ಲಿ ಪರೀಕ್ಷೆ ಮಾಡಿಸಿ ಇಲ್ಲದಿದ್ದರೆ ಬೇರೆ ಶಾಲೆ ನೋಡಿ ಅಂದರು, ಇಲ್ಲಿ ಪರೀಕ್ಷೆಗೆ ಹೆಸರು ಕೊಟ್ಟರೆ ಐದು ತಿಂಗಳ ಸರದಿ, ಆಮೇಲೆ ಫೈಲು, ಫೈಲಿನಲ್ಲಿ ಮಗಳ ಹೆಸರು, ಹೆಣ್ಣುಮಗು, ನಾಳೆ ಊರಿನವರಿಗೆ ಗೊತ್ತಾದರೆ — ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನಲ್ಲಿ ಒಬ್ಬ ಮುದಿ ಡಾಕ್ಟರು, ಹೊರಗೆ ಎಪ್ಪತ್ತು ಜನ, ಒಳಗೆ ನಮಗೆ ಆರು ನಿಮಿಷ, ಆ ಆರು ನಿಮಿಷದಲ್ಲಿ ಮಗಳು ಅವರ ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಮೇಜಿನ ಕೆಳಗೆ ಹೋಗಿದ್ದಳು, ಇದು ಹಳೆಯ ಮದ್ದು, ಈಗಿನವರು ಬರೆಯುವುದಿಲ್ಲ, ಕೆಲಸ ಮಾಡ್ತದೆ, ಬೆಳಿಗ್ಗೆ ಒಂದು. ಅಷ್ಟೇ ಡಾಕ್ಟರು ಅಂದದ್ದು. ಅಷ್ಟೇ. ಅಲ್ಲ. ಕೇಳುವುದರಲ್ಲಿ ನನಗೆ ಸಮ ಯಾರೂ ಇಲ್ಲ ಎಂದು ನನ್ನನ್ನು ಹೆತ್ತ ಉಮ್ಮ ಹೇಳುತ್ತಿದ್ದಳು, ಒಮ್ಮೆ ಕಿವಿಗೆ ಬಿದ್ದ ಸಾಲು ನನ್ನಲ್ಲಿ ಉಳಿಯುತ್ತದೆ, ಹಾಗಿರುವಾಗ ಇದು ಹೇಗೆ ಉಳಿಯದೆ ಇರುತ್ತದೆ, ಎರಡು ವಾರಕ್ಕೊಮ್ಮೆ ರಕ್ತ ನೋಡಿಸಿ, ಲಿವರಿನ ಟೆಸ್ಟು, ತಪ್ಪಿಸಬೇಡಿ, ಹಾಗಂದರು, ಪೆನ್ನಿನ ಮುಚ್ಚಳ ಹಾಕುತ್ತಾ ಅಂದರು, ನಾನು ನಾಡಿದ್ದು ನಮಗೆ ಫ್ಲೈಟು ಅಂದೆ, ಹಾಗಾದರೆ ಅಲ್ಲಿಯೇ ಮಾಡಿಸಿ ಅಂದರು, ಆಗಲಿ ಅಂದೆ. ಸಕೀನಾ ಮೇಜಿನ ಕೆಳಗಿನಿಂದ ಮಗಳನ್ನು ಎಳೆಯುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಇಲ್ಲಿ ರಕ್ತ ಕೊಟ್ಟರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ಗುಳಿಗೆ, ಗುಳಿಗೆ ಎಂದರೆ ಕಾಗದ, ಈ ತಿಂಗಳು ಬೇಡ, ಬರುವ ತಿಂಗಳು, ಮಗು ಚೆನ್ನಾಗಿಯೇ ಇದೆಯಲ್ಲ, ಕೂರುತ್ತದೆಯಲ್ಲ — ಲ್ಯಾನ್ಸ್‌ಲಾಟನ ಮಕ್ಕಳಿಗಾಗಿ ಸುಮ್ಮನಿದ್ದೆನಂತೆ, ಥೂ.

ಯಾಕೆಂದರೆ ಅವಳು ಕೂತಳು. ಬೆಳಿಗ್ಗೆ ಸಕೀನಾ ಖರ್ಜೂರದ ಬೀಜ ತೆಗೆದು ಆ ಜಾಗದಲ್ಲಿ ಗುಳಿಗೆ ಇಟ್ಟು ಕೊಡುತ್ತಿದ್ದಳು, ಬಿಸ್ಮಿ ಹೇಳಿ ತಿನ್ನು, ಮಗು ಬಿಸ್ಮಿ ಹೇಳಿ ತಿನ್ನುತ್ತಿತ್ತು, ಅಲ್ಲಾಹನ ಹೆಸರಿನಲ್ಲಿ ತಿನ್ನಿಸಿದೆವು ಅದನ್ನು, ಅರ್ಧ ಗಂಟೆಯಲ್ಲಿ ಮನೆ ಶಾಂತವಾಗುತ್ತಿತ್ತು, ಶಾಂತಿ ನನಗೆ ಇಷ್ಟ, ನಾನು ಮಾತಾಡುವವನಲ್ಲ ಕೇಳುವವನು, ಚಿಕ್ಕವನಿದ್ದಾಗ ಗುರುವಾರ ಸಂಜೆ ಮಗ್ರಿಬ್ ನಮಾಜು ಆದ ಮೇಲೆ ಉಮ್ಮ ಚಾಪೆಯ ಮೇಲೆ ಕೂತು ಬೈತು ಹೇಳುತ್ತಿದ್ದಳು, ನೂರು ಸಾಲಿನ ಪ್ರಾರ್ಥನೆಯ ಪದ್ಯ, ಅಕ್ಷರ ಬಾರದವಳು, ಅವಳ ಉಮ್ಮನ ಬಾಯಿಂದ ಅವಳ ಕಿವಿಗೆ, ನಾನು ಅವಳ ಮಡಿಲಿನಲ್ಲಿ ತಲೆಯಿಟ್ಟರೆ ಅವಳು ನನ್ನ ಬೆನ್ನಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹೇಳುವಳು, ನಲವತ್ತನೆಯ ಸಾಲಿನಲ್ಲಿ ಪ್ರತಿ ಸಲವೂ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಅಲ್ಲಿ ಬೆರಳೂ ನಿಲ್ಲುತ್ತಿತ್ತು, ಆಮೇಲೆ ಮುಂದಿನ ಸಾಲು. ನನಗೆ ಪೂರಾ ಬರುತ್ತದೆ, ಹೇಳಲು ಗಂಟಲಿಲ್ಲ. ನನ್ನ ನಂತರ ಅದು ಯಾರಲ್ಲಿ ಉಳಿಯಬೇಕು ಎಂಬ ಆಸೆ, ಆಸೆಯೋ ದುರಾಸೆಯೋ, ಮಗಳಿಗೆ ನಾಲ್ಕು ತಿಂಗಳು ಹೇಳಿಕೊಟ್ಟೆ, ಗುಳಿಗೆಯ ಮೊದಲು ಮೂರು ಸಾಲು ನಿಲ್ಲದವಳು ಗುಳಿಗೆಯ ನಂತರ ದಿನಕ್ಕೆ ಎರಡು ಸಾಲು, ಜನವರಿಯಲ್ಲಿ ನಮ್ಮ ಕರಾವಳಿಯವರ ಕೂಟ, ಬಾಡಿಗೆಯ ಹಾಲು, ನಾನೂರು ಜನ, ಬಿರಿಯಾನಿಯ ಮೊದಲು ಮಕ್ಕಳ ಕಾರ್ಯಕ್ರಮ, ಆ ದಿನ ಸಕೀನಾಗೆ ಒಂದೂವರೆ ಕೊಡು ಅಂದೆ. ಒಂದೂವರೆಯಾ ಅಂದಳು. ವೇದಿಕೆಯಲ್ಲಿ ಓಡಿಹೋದರೆ ಮರ್ಯಾದೆ ಏನು ಅಂದೆ. ಆಮೇಲೆ ಅದೇ ಅಭ್ಯಾಸವಾಯಿತು, ಒಂದೂವರೆ. ಅವಳು ತಲೆಗೆ ಬಿಳಿ ತಟ್ಟ ಹೊದ್ದು ನಿಂತಳು, ಕೈ ಕದಲಲಿಲ್ಲ, ಕಾಲು ಕದಲಲಿಲ್ಲ, ನೂರು ಸಾಲು, ಒಂದೂ ತಪ್ಪಲಿಲ್ಲ, ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಹಿರಿಯರು ಕಣ್ಣು ಒರೆಸಿಕೊಂಡರು, ಲತೀಫ್, ಎಂಥ ಮಗಳನ್ನು ಹೆತ್ತಿದ್ದೀಯಾ ಮಾರಾಯ, ನಾನೂ ಅತ್ತೆ, ಆದರೆ ನನ್ನ ಕಿವಿಗೆ ಗೊತ್ತಿತ್ತು, ನಲವತ್ತನೆಯ ಸಾಲಿನಲ್ಲಿ ಅವಳು ನಿಲ್ಲಲಿಲ್ಲ, ಉಸಿರು ಸಿಕ್ಕಿಕೊಳ್ಳಲಿಲ್ಲ, ಎಲ್ಲ ಸಾಲೂ ಒಂದೇ ಅಳತೆ, ಒಂದೇ ಎತ್ತರ, ಬಂದರಿನ ಕ್ರೇನು ಡಬ್ಬ ಇಟ್ಟ ಹಾಗೆ ಒಂದರ ಮೇಲೆ ಒಂದು, ಮುಗಿದ ಕೂಡಲೇ ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತು ಉಪ್ಪ, ಆಯ್ತಾ, ಡನ್? ಅಂದಳು, ಬಿರಿಯಾನಿ ಮುಟ್ಟಲಿಲ್ಲ. ಆ ದಿನ ಬೆಳಗಿನಿಂದ ಆ ಖರ್ಜೂರ ಬಿಟ್ಟು ಏನೂ ತಿಂದಿರಲಿಲ್ಲ. ಹಸಿವಿಲ್ಲ ಎಂದು ಅವಳು ಹೇಳಿದ್ದನ್ನೂ ನಾನು ಕೇಳಿದ್ದೆ, ಎಲ್ಲ ಕೇಳಿದ್ದೆ, ಮೈ ತುರಿಸುತ್ತದೆ ಅಂದದ್ದನ್ನು, ಮೂತ್ರ ಚಾಯದ ಬಣ್ಣ ಎಂದು ಸಕೀನಾ ಹೇಳಿದ್ದನ್ನು, ನೀರು ಕುಡಿಸು ಅಂದಿದ್ದೆ, ಉಮ್ಮ, ನಿನ್ನ ಮಗನ ಕಿವಿಗೆ ಸಮ ಯಾರೂ ಇಲ್ಲ.

ಮಿಸ್ಟರ್ ಅಬ್ದುಲ್ ಲತೀಫ್ — ನರ್ಸು ಕರೆಯುತ್ತಿದ್ದಾಳೆ, ಹನ್ನೊಂದಾಯಿತೇ, ಎದ್ದೆ, ಒದ್ದೆ ನೆಲ, ಹಳದಿ ಫಲಕ ಬಳಸಿ ನಡೆದೆ, ನನಗಾಗಿ ಇಟ್ಟ ಎಚ್ಚರಿಕೆಯನ್ನು ಪಾಲಿಸಿದೆ, ಅರ್ಧ ತೆರೆದ ಬಾಗಿಲಲ್ಲಿ ಮಂಚ ಕಂಡಿತು, ಫಾಹಿಮಾ ಕಂಡಳು, ಸಕೀನಾ ಅವಳ ಪಾದ ಹಿಡಿದುಕೊಂಡು ಕೂತಿದ್ದಾಳೆ, ಅದುಮಿ ಹಿಡಿದುಕೊಳ್ಳುವ ಅಗತ್ಯವೇ ಇಲ್ಲ, ಆ ಪಾದಗಳು ಎಲ್ಲಿಗೂ ಓಡುತ್ತಿಲ್ಲ, ಮಂಚದ ಕೆಳಗೆ ಶೂ, ದೀಪ ಮಿನುಗದ ಶೂ. ಡಾಕ್ಟರಮ್ಮನ ಕೋಣೆಗೆ ಹೋದೆ, ಕೂತುಕೊಳ್ಳಿ ಅಂದಳು, ಕೂರಲಿಲ್ಲ, ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟೆ, ಇದು ವಿಟಮಿನ್ ಅಲ್ಲ ಅಂದೆ, ಮಗು ಒಂದು ಕಡೆ ಕೂರಲಿ ಎಂದು ಊರಿನ ಡಾಕ್ಟರು ಬರೆದ ಗುಳಿಗೆ, ಅಕ್ಟೋಬರಿನಿಂದ ದಿನಕ್ಕೆ ಒಂದು, ಜನವರಿಯಿಂದ ಒಂದೂವರೆ, ರಕ್ತ ನೋಡಿಸಲು ಹೇಳಿದ್ದರು, ನೋಡಿಸಲಿಲ್ಲ, ನಾನೇ ತರಿಸಿದ್ದು, ನಾನೊಬ್ಬನೇ. ಬೈಯುತ್ತಾಳೆ ಅಂದುಕೊಂಡೆ. ಫೋನು ಎತ್ತುತ್ತಾಳೆ ಅಂದುಕೊಂಡೆ. ಯಾರು ತಂದರು ಎಂದು ಆಕೆ ಕೇಳಲೇ ಇಲ್ಲ, ಹೇಗೆ ತಂದರು ಎಂದೂ ಕೇಳಲಿಲ್ಲ, ಮೂರು ದಿನ ನಾನು ಉತ್ತರ ಹುಡುಕಿಟ್ಟಿದ್ದ ಒಂದು ಪ್ರಶ್ನೆಯೂ ಬರಲಿಲ್ಲ, ಬಾಟಲಿ ಕೈಗೆತ್ತಿಕೊಂಡಳು, ತಿರುಗಿಸಿದಳು, ಮುಚ್ಚಳ ತೆರೆದು ನಾಲ್ಕು ಗುಳಿಗೆ ಅಂಗೈಗೆ ಸುರಿದುಕೊಂಡಳು, ಬಿಳಿ, ಉರುಟು, ನಡುವೆ ಒಂದು ಗೆರೆ, ಅಕ್ಷರ ಇಲ್ಲ, ಅಂಕಿ ಇಲ್ಲ, ಇದರ ಹೆಸರೇನು ಅಂದಳು. ಹೆಸರು. ಬಾಯಿ ತೆರೆದೆ. ಹೆಸರು ಬರಲಿಲ್ಲ. ಲತೀಫ್, ಹೆಸರು ಹೇಳಿ, ಯಾವ ಮದ್ದು ಎಂದು ಗೊತ್ತಾದರೆ ಮುಂದೆ ಎಷ್ಟು ಸಮಯವಿದೆ ಎಂದು ನನಗೆ ಗೊತ್ತಾಗುತ್ತದೆ, ಬೇರೆ ಲಿವರ್ ಹಾಕುವ ಊರಿಗೆ ಇವತ್ತೇ ಕಳಿಸಬೇಕೋ ಕಾಯಬಹುದೋ, ಹೆಸರು ಹೇಳಿ. ಎಲ್ಲ ಬರುತ್ತಿದೆ, ನೂರು ಸಾಲು ಬರುತ್ತಿದೆ, ಪೆಟ್ರೋಲು ಹನ್ನೆರಡು ಸೊನ್ನೆ ಮೂರು, ಆಸಿಡ್ ತುಂಬಿದ ಬ್ಯಾಟರಿ ಇಪ್ಪತ್ತೇಳು ತೊಂಬತ್ತನಾಲ್ಕು, ಸ್ಪ್ರೇ ಡಬ್ಬಿ ಹತ್ತೊಂಬತ್ತು ಐವತ್ತು, ಹೆಸರು ಬರುತ್ತಿಲ್ಲ, ಮುದಿ ಡಾಕ್ಟರು ಅದನ್ನು ಬಾಯಲ್ಲಿ ಹೇಳಲೇ ಇಲ್ಲ, ಬರೆದರು, ಆ ಕಾಗದವನ್ನು ನಾನು ಓದದೆಯೇ ಅಕ್ಕನ ಕೈಗೆ ಕೊಟ್ಟು ವಿಮಾನ ಹತ್ತಿದೆ, ಕಿವಿಗೆ ಬೀಳದ್ದು ನನ್ನಲ್ಲಿ ಉಳಿಯುವುದಿಲ್ಲ, ಅಕ್ಕನಿಗೆ ಫೋನು ಮಾಡಿದೆ, ಅಕ್ಕಾ ಆ ಗುಳಿಗೆಯ ಹೆಸರು ಎಂತದು, ಅವಳು ಯಾವ ಗುಳಿಗೆ ಅಂದಳು, ಆಮೇಲೆ ಅದಾ, ಅದೆಲ್ಲ ಬಚ್ಚಲಿನ ಒಲೆಗೆ ಹಾಕಿದೆನಲ್ಲ, ಡಬ್ಬ, ಪಟ್ಟಿ, ಡಾಕ್ಟರ ಕಾಗದ, ನೀನೇ ಹೇಳಿದ್ದಲ್ಲವಾ ಅಬ್ದೂ, ನಿನ್ನ ಆಡಿಯೋ ಈಗಲೂ ಉಂಟು ನನ್ನ ಮೊಬೈಲಿನಲ್ಲಿ, ಬೇಕಾದರೆ ಕೇಳಿಸ್ತೇನೆ, ಬೇಡ ಅಕ್ಕ, ಬೇಡ, ಮೆಡಿಕಲಿಗೆ ಓಡು, ಆ ಡಾಕ್ಟರಲ್ಲಿಗೆ ಓಡು ಅಂದೆ, ಅಳಬೇಡ ಮಾರಾಯ ಅಂದಳು, ಈಗಲೇ ರಿಕ್ಷಾ ಹಿಡಿತೇನೆ, ಒಂದು ಗಂಟೆ ಕೊಡು, ಒಂದು ಗಂಟೆ. ಡಾಕ್ಟರಮ್ಮ ಗಡಿಯಾರ ನೋಡಿದಳು, ಏನೋ ಬರೆದಳು, ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಅನ್‌ನೋನ್ ಅಂದಳು, ಅನ್‌ನೋನ್, ನಾವು ಬಂದರಿನಲ್ಲಿ ಆ ಪದ ಬಂದರೆ ಡಬ್ಬವನ್ನು ದೂರದ ಮೂಲೆಯಲ್ಲಿ ಬೇರೆ ಇಡುತ್ತೇವೆ, ಸುತ್ತ ಹಗ್ಗ ಕಟ್ಟುತ್ತೇವೆ, ಯಾರೂ ಹತ್ತಿರ ಹೋಗುವಂತಿಲ್ಲ, ಹೆಸರು ಬರುವವರೆಗೆ ಯಾರೂ ಮುಟ್ಟುವಂತಿಲ್ಲ, ಒಳಗೆ ಸಕೀನಾ ಮಗಳ ಪಾದ ಹಿಡಿದುಕೊಂಡಿದ್ದಾಳೆ, ಫೋನು ನನ್ನ ಕೈಯಲ್ಲಿ ಸುಮ್ಮನಿದೆ, ನಲವತ್ತನೆಯ ಸಾಲಿನಲ್ಲಿ ಬೆನ್ನಿನ ಮೇಲೆ ಉಮ್ಮನ ಬೆರಳು ನಿಂತಿದೆ, ಮುಂದಿನ ಸಾಲು ಬರುತ್ತಿಲ್ಲ, ಮೇಜಿನ ಮೇಲೆ ಬಾಟಲಿ, ಬಾಟಲಿಯ ಮೇಲೆ ಹಳದಿ ಕರಡಿ, ಹೆಬ್ಬೆರಳು ಎತ್ತಿದೆ, ನಗುತ್ತಿದೆ, ಹೆಬ್ಬೆರಳು ಎತ್ತಿದೆ —